ಮಕ್ಕಳೊಂದಿಗೆ ಬೀದರಿಗೆ: ಒಂದು ಹಳೆಯ ರಾಜಧಾನಿ ಕಲಿಸುವ ಪಾಠಗಳು

ಶಾಲೆ-ಮದ್ರಸಗಳಿಗೆ ರಜೆ ಸಿಗುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಕೆಲವರು ಊಟಿ-ಕೊಡೈಕನಾಲ್ ಎನ್ನುತ್ತಾರೆ, ಕೆಲವರು ಕಡಲತೀರದ ರೆಸಾರ್ಟ್‌ಗಳನ್ನು ಹುಡುಕುತ್ತಾರೆ, ಅನುಕೂಲವಿದ್ದವರು ದುಬೈಯ ಕಡೆ ನೋಡುತ್ತಾರೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಹಲಾಲ್ ಆದ ವಿನೋದ, ಹೆಂಡತಿ-ಮಕ್ಕಳೊಂದಿಗೆ ಕಳೆಯುವ ನಾಲ್ಕು ದಿನಗಳ ಬಿಡುವು, ವೃದ್ಧ ತಂದೆತಾಯಿಯರನ್ನು ಹೊರಗೆ ಕರೆದೊಯ್ಯುವ ಸೇವೆ, ಎಲ್ಲವೂ ಒಳಿತೇ. ಆದರೆ ನಮ್ಮ ಪರಂಪರೆಯಲ್ಲಿ ಪ್ರಯಾಣಕ್ಕೆ ಇನ್ನೂ ಒಂದು ಅರ್ಥವಿದೆ. ಪವಿತ್ರ ಕುರ್‌ಆನ್ ಹಲವು ಕಡೆಗಳಲ್ಲಿ ಮನುಷ್ಯನನ್ನು ಭೂಮಿಯ ಮೇಲೆ ಸಂಚರಿಸಲು, ಗತಿಸಿಹೋದ ಜನಾಂಗಗಳ ಅಂತ್ಯವನ್ನು ಕಣ್ಣಾರೆ ಕಂಡು ಚಿಂತಿಸಲು ಕರೆಯುತ್ತದೆ. ಇಮಾಮ್ ಬುಖಾರಿಯವರು ಬುಖಾರಾದಿಂದ ಹೊರಟು ಹಿಜಾಝ್, ಇರಾಕ್, ಶಾಮ್, ಈಜಿಪ್ಟ್‌ಗಳನ್ನು ಸುತ್ತಿದ್ದು ಜ್ಞಾನಕ್ಕಾಗಿ. ಪ್ರಯಾಣದಿಂದ ಮರಳುವವನು ಇಬ್‌ರತ್ತನ್ನು, ಅಂದರೆ ಬಾಳಿಗೆ ಬೇಕಾದ ಪಾಠವನ್ನು, ಹೊತ್ತು ತರಬೇಕೆಂಬುದು ನಮ್ಮ ಹಿರಿಯರ ತಿಳಿವಳಿಕೆಯಾಗಿತ್ತು.

ಈ ದೃಷ್ಟಿಯಿಂದ ಕನ್ನಡ ನಾಡಿನ ಮುಸ್ಲಿಮ್ ಕುಟುಂಬಗಳು ಒಮ್ಮೆಯಾದರೂ ನೋಡಲೇಬೇಕಾದ ಊರು ಬೀದರ್. ರಾಜ್ಯದ ಕಿರೀಟದಂತೆ ಉತ್ತರದ ತುದಿಯಲ್ಲಿರುವ ಈ ಊರಿಗೆ ಕರಾವಳಿ-ಮಲೆನಾಡಿನ ಕಡೆಯಿಂದ ಹೋಗುವವರು ತೀರಾ ಕಡಿಮೆ. ‘ದೂರ’ ಎಂಬುದು ಒಂದು ಕಾರಣ. ‘ಅಲ್ಲೇನಿದೆ, ಹಾಳುಬಿದ್ದ ಕೋಟೆ ತಾನೇ’ ಎಂಬ ತಾತ್ಸಾರ ಇನ್ನೊಂದು. ಆ ಹಾಳುಬಿದ್ದ ಗೋಡೆಗಳ ನಡುವೆ ನಮ್ಮ ಮಕ್ಕಳಿಗೆ ಹೇಳಲು ಏನಿದೆ, ಪ್ರವಾಸವನ್ನು ಹೇಗೆ ಯೋಜಿಸಿದರೆ ಅದು ದಕ್ಕುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಮಕ್ಕಳಿಗೆ ಯಾವ ಇತಿಹಾಸ?

ಸುಲ್ತಾನರ ಇತಿಹಾಸದ ಬಗ್ಗೆ ಇಂದು ನಮ್ಮ ಮಕ್ಕಳ ಕಿವಿಗೆ ಎರಡು ಬಗೆಯ ಮಾತುಗಳು ಬೀಳುತ್ತವೆ. ಒಂದು, ಅದೆಲ್ಲವೂ ದಬ್ಬಾಳಿಕೆಯ ಕಥೆ, ಅದಕ್ಕಾಗಿ ನೀವು ತಲೆತಗ್ಗಿಸಬೇಕು ಎಂಬ ಹೊರಗಿನ ಮಾತು. ಇನ್ನೊಂದು, ಅದೆಲ್ಲವೂ ನಮ್ಮ ವೈಭವ, ನಾವು ಆಳಿದವರು ಎಂದು ಬೀಗುವ ಮನೆಯೊಳಗಿನ ಮಾತು. ಮೊದಲನೆಯದು ಮಗುವನ್ನು ಕುಗ್ಗಿಸುತ್ತದೆ, ಎರಡನೆಯದು ಅದರ ತಲೆ ತಿರುಗಿಸುತ್ತದೆ. ಕುರ್‌ಆನ್ ಕಲಿಸುವ ದಾರಿ ಈ ಎರಡಕ್ಕಿಂತಲೂ ಬೇರೆ. ನ್ಯಾಯದ ಸಾಕ್ಷ್ಯ ನುಡಿಯುವಾಗ ಅದು ಸ್ವತಃ ನಮ್ಮ ವಿರುದ್ಧವೇ ಆಗಲಿ, ನಮ್ಮ ಹೆತ್ತವರು-ಬಂಧುಗಳ ವಿರುದ್ಧವೇ ಆಗಲಿ, ಹಿಂಜರಿಯಬಾರದೆಂದು ಅನ್ನಿಸಾಅ್ ಅಧ್ಯಾಯವು ವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಬದುಕಿರುವ ಬಂಧುಗಳ ವಿಷಯದಲ್ಲೇ ಹೀಗಿರುವಾಗ, ಆರು ಶತಮಾನಗಳ ಹಿಂದೆ ಸತ್ತ ಅರಸರ ವಿಷಯದಲ್ಲಿ ನಾವು ನಿಷ್ಪಕ್ಷಪಾತಿಗಳಾಗಿರಲು ಏನು ಅಡ್ಡಿ? ಒಳಿತನ್ನು ಒಳಿತೆಂದೂ ಅನ್ಯಾಯವನ್ನು ಅನ್ಯಾಯವೆಂದೂ ಗುರುತಿಸಲು ಬೀದರಿನಷ್ಟು ಒಳ್ಳೆಯ ಪಾಠಶಾಲೆ ನಮ್ಮ ರಾಜ್ಯದಲ್ಲಿ ವಿರಳ.

ಹೋಗುವ ಮುನ್ನ

ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಕೆಮ್ಮಣ್ಣಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಕರಾವಳಿಯವರಿಗೆ ಇಲ್ಲಿನ ಕಲ್ಲು ಹೊಸದಲ್ಲ. ಮನೆ ಕಟ್ಟಲು ನಾವು ಬಳಸುವ ಅದೇ ಮುರಕಲ್ಲಿನ ಬಂಡೆಯನ್ನು ಕೊರೆದೇ ಇಲ್ಲಿನ ಕಂದಕಗಳನ್ನು ತೋಡಲಾಗಿದೆ. ಬೇಸಿಗೆಯ ಬಿಸಿಲಿನಲ್ಲಿ ಮಕ್ಕಳು-ವೃದ್ಧರೊಂದಿಗೆ ಕೋಟೆ ಸುತ್ತುವುದು ಕಷ್ಟ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಉತ್ತಮ. ಬೆಂಗಳೂರಿನ ಯಶವಂತಪುರದಿಂದ ರೈಲು ಇದೆ. ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 115 ಕಿಲೋಮೀಟರ್. 2017ರಲ್ಲಿ ಕಲಬುರಗಿ-ಬೀದರ್ ರೈಲುಮಾರ್ಗ ತೆರೆದ ಮೇಲೆ ಈ ಎರಡು ಹಳೆಯ ರಾಜಧಾನಿಗಳನ್ನು ಒಂದೇ ಪ್ರವಾಸದಲ್ಲಿ ನೋಡುವುದು ಸುಲಭವಾಗಿದೆ.

ಮೂರು ದಿನಗಳನ್ನು ತೆಗೆದಿಡಿ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಧಾವಂತ ಬೇಡ, ಅದರಿಂದ ಮೊಬೈಲ್ ತುಂಬ ಚಿತ್ರಗಳು ಸಿಕ್ಕಾವು, ಮನಸ್ಸಿನಲ್ಲಿ ಏನೂ ಉಳಿಯದು. ಪ್ರಯಾಣಿಕನಿಗೆ ನಮಾಝಿನಲ್ಲಿ ಶರೀಅತ್ ನೀಡಿರುವ ರಿಯಾಯಿತಿಗಳನ್ನು ಹೊರಡುವ ಮೊದಲೇ ಮಕ್ಕಳಿಗೆ ತಿಳಿಸಿ. ಪ್ರಯಾಣದಲ್ಲೇ ಅದನ್ನು ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಪ್ರತಿ ಮಗುವಿಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟು ಒಂದೊಂದು ವಿಷಯ ಒಪ್ಪಿಸಿ: ಒಬ್ಬರು ನೀರಿನ ವ್ಯವಸ್ಥೆಗಳನ್ನು ಗಮನಿಸಲಿ, ಒಬ್ಬರು ಗೋಡೆಗಳ ಮೇಲಿನ ಬರಹಗಳನ್ನು ಹುಡುಕಲಿ, ಒಬ್ಬರು ಅಲ್ಲಿ ಕೇಳಿಬರುವ ಭಾಷೆಗಳನ್ನು ಲೆಕ್ಕ ಹಾಕಲಿ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ನಾಲ್ಕೂ ಒಂದೇ ಬಜಾರಿನಲ್ಲಿ ಕಿವಿಗೆ ಬೀಳುತ್ತವೆ.

ಮೊದಲ ದಿನ: ಮದ್ರಸ ಮತ್ತು ಕೋಟೆ

ಹೆಚ್ಚಿನ ಪ್ರವಾಸಿಗರು ನೇರವಾಗಿ ಕೋಟೆಗೆ ಹೋಗುತ್ತಾರೆ. ನಮ್ಮ ಸಲಹೆ, ಮೊದಲು ಮದ್ರಸಕ್ಕೆ ಹೋಗಿ. ಊರಿನ ನಟ್ಟನಡುವೆ 71 ಅಡಿ ಎತ್ತರದ ಚೌಬಾರಾ ಎಂಬ ದುಂಡನೆಯ ಕಾವಲು ಗೋಪುರವಿದೆ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನರ ಮದ್ರಸ ಎದುರಾಗುತ್ತದೆ.

ಇರಾನಿನ ಗೀಲಾನ್ ಪ್ರಾಂತದಲ್ಲಿ ಹುಟ್ಟಿದ ಗವಾನರು ವ್ಯಾಪಾರಿಯಾಗಿ ದಖನಿಗೆ ಬಂದು ಬಹಮನಿ ರಾಜ್ಯದ ವಝೀರರಾದವರು. ಹಿಜ್‌ರಿ 877, ಅಂದರೆ ಕ್ರಿ.ಶ. 1472ರಲ್ಲಿ ಅವರು ಈ ಮದ್ರಸವನ್ನು ಪೂರ್ಣಗೊಳಿಸಿದರು. ಮೂರು ಅಂತಸ್ತು, ನಡುವೆ ವಿಶಾಲವಾದ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಕೊಠಡಿಗಳು, ಪಾಠದ ಹಜಾರಗಳು, ಗ್ರಂಥಾಲಯ, ಮಸೀದಿ. ಖುರಾಸಾನ್ ಮತ್ತು ಸಮರ್ಖಂದದ ಮದ್ರಸಗಳ ಮಾದರಿಯನ್ನು ದಖನಿನ ನೆಲದಲ್ಲಿ ಎಬ್ಬಿಸಿ ನಿಲ್ಲಿಸಿದ ಕಟ್ಟಡವಿದು. ಮುಂಭಾಗದ ಗೋಡೆಯಲ್ಲೂ ಉಳಿದಿರುವ ಏಕೈಕ ಮಿನಾರದಲ್ಲೂ ನೀಲಿ, ಹಳದಿ, ಬಿಳಿ ಬಣ್ಣದ ಮೆರುಗು ಹೆಂಚುಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ. ಅವುಗಳ ನಡುವೆ ಕುರ್‌ಆನಿನ ವಚನಗಳ ದಪ್ಪ ಲಿಪಿ ಕಾಣುತ್ತದೆ. ಮದ್ರಸದಲ್ಲಿ ಓದುವ ಮಗುವಿಗೆ ಆ ಅಕ್ಷರಗಳನ್ನು ಓದಲು ಹೇಳಿ. ಐದು ಶತಮಾನಗಳ ಹಿಂದೆ ಈ ಅಂಗಳದಲ್ಲಿ ತನ್ನಂತೆಯೇ ಒಬ್ಬ ವಿದ್ಯಾರ್ಥಿ ಅದೇ ಅಕ್ಷರಗಳ ಕೆಳಗೆ ನಿಂತಿದ್ದನೆಂಬ ಅರಿವು ಅದಕ್ಕೆ ತಾನಾಗಿಯೇ ಮೂಡುತ್ತದೆ.

ಕಟ್ಟಡದ ಒಂದು ಪಾರ್ಶ್ವ ಇಲ್ಲದಿರುವುದನ್ನೂ ತೋರಿಸಿ. ಔರಂಗಝೇಬನು ಬೀದರನ್ನು ಗೆದ್ದ ನಂತರದ ಕಾಲದಲ್ಲಿ ಈ ವಿದ್ಯಾಲಯ ಸೈನಿಕರ ವಸತಿಯಾಯಿತು, ಮದ್ದುಗುಂಡುಗಳ ಉಗ್ರಾಣವಾಯಿತು. 17ನೇ ಶತಮಾನದ ಕೊನೆಯಲ್ಲಿ ಆ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಮಿನಾರವೂ ಪಕ್ಕದ ಭಾಗವೂ ಕುಸಿದವು. ಒಬ್ಬ ಮುಸ್ಲಿಮ್ ವಝೀರ ಕಟ್ಟಿದ ಜ್ಞಾನದ ಮನೆ, ಮತ್ತೊಬ್ಬ ಮುಸ್ಲಿಮ್ ಅರಸನ ಆಳ್ವಿಕೆಯಲ್ಲಿ ಮದ್ದಿನ ಮನೆಯಾಯಿತು. ಪುಸ್ತಕಗಳಿದ್ದ ಕಡೆ ಮದ್ದು ತುಂಬಿದರೆ ಏನಾಗುತ್ತದೆಂದು ವಿವರಿಸುವ ಅಗತ್ಯವಿಲ್ಲ. ಆ ಮುರಿದ ಗೋಡೆಯ ಮುಂದೆ ಮಕ್ಕಳು ಒಂದು ನಿಮಿಷ ನಿಂತರೆ ಸಾಕು.

ಅನಂತರ ಕೋಟೆ. ಬಹಮನಿ ರಾಜ್ಯ 1347ರಲ್ಲಿ ಸ್ಥಾಪನೆಯಾದಾಗ ಅದರ ರಾಜಧಾನಿ ಕಲಬುರಗಿಯಾಗಿತ್ತು. 1422ರಲ್ಲಿ ಪಟ್ಟವೇರಿದ ಒಂದನೆಯ ಅಹ್ಮದ್ ಶಾಹನು ರಾಜಧಾನಿಯನ್ನು ಬೀದರಿಗೆ ತಂದು ಕೋಟೆಯನ್ನು ವಿಸ್ತಾರವಾಗಿ ಕಟ್ಟಿಸಿದನು. ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಎರಡು ಹುಲಿಗಳ ಕೆತ್ತನೆಯಿರುವ ಶರ್ಝಾ ದರ್ವಾಝಾ, ಗುಮ್ಮಟದ ಬಾಗಿಲು, ಒಳಗೆ ರಂಗೀನ್ ಮಹಲ್, ತರ್ಕಶ್ ಮಹಲ್, ಗಗನ್ ಮಹಲ್, ತಖ್ತ್ ಮಹಲ್. ಹಳೆಯ ಶಾಹಿ ಸ್ನಾನಗೃಹ ಈಗ ವಸ್ತುಸಂಗ್ರಹಾಲಯವಾಗಿದೆ. ರಂಗೀನ್ ಮಹಲಿನ ಬಾಗಿಲಿಗೆ ಬೀಗವಿದ್ದರೆ ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿನೋಡಿ. ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಅಲ್ಲಿನ ಕುಸುರಿ, ಮರದ ಕಂಬಗಳ ಕೆತ್ತನೆ ಕಣ್ತುಂಬಿಕೊಳ್ಳುವಂಥವು. ಹಿಂದೂ ಶಿಲ್ಪಿಯ ಮರಗೆಲಸವೂ ಇರಾನಿ ಕುಶಲಕರ್ಮಿಯ ಹೆಂಚಿನ ಕೆಲಸವೂ ಒಂದೇ ಕೋಣೆಯಲ್ಲಿ ಒಂದಕ್ಕೊಂದು ಎದುರು ನಿಂತಿವೆ.

ಕೋಟೆಯೊಳಗಿನ ಸೋಲಾ ಖಂಬ್ ಮಸೀದಿ ಬೀದರಿನ ಅತ್ಯಂತ ಹಳೆಯ ಮುಸ್ಲಿಮ್ ಕಟ್ಟಡಗಳಲ್ಲಿ ಒಂದು. ಅಲ್ಲಿನ ಶಿಲಾಶಾಸನದ ಪ್ರಕಾರ ಹಿಜ್‌ರಿ 827ರದ್ದು, ಅಂದರೆ ರಾಜಧಾನಿ ನೆಲೆಗೊಳ್ಳುತ್ತಿದ್ದ ದಿನಗಳದ್ದು. ದಪ್ಪನೆಯ ದುಂಡು ಕಂಬಗಳ ಸಾಲಿನ ನಡುವಿನ ತಂಪು ಮತ್ತು ಮೌನ ಅರಮನೆಗಳಲ್ಲಿ ಸಿಗದು. ತಖ್ತ್ ಮಹಲಿನಲ್ಲಿ ಸಿಂಹಾಸನವಿಲ್ಲ, ದರ್ಬಾರಿನ ನೆಲದಲ್ಲಿ ಹುಲ್ಲು ಬೆಳೆದಿದೆ. ಅಧಿಕಾರವನ್ನು ತಾನು ಬಯಸಿದವರಿಗೆ ಕೊಡುವವನೂ ಅವರಿಂದ ಕಿತ್ತುಕೊಳ್ಳುವವನೂ ಅಲ್ಲಾಹನೇ ಎಂಬ ಮಾತನ್ನು ನಾವು ಪಠಿಸುತ್ತಲೇ ಇರುತ್ತೇವೆ. ಅದರ ಅರ್ಥವನ್ನು ಇಲ್ಲಿ ಕಾಲಿನಿಂದ ತುಳಿದೇ ತಿಳಿಯಬಹುದು.

ಆದರೆ ಈ ವೈಭವದ ಕಾಲದಲ್ಲಿ ಸಾಮಾನ್ಯ ಜನರ ಬಾಳು ಹೇಗಿತ್ತು? ಗವಾನರ ಕಾಲದಲ್ಲೇ, 1470ರ ಆಸುಪಾಸಿನಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಕುದುರೆ ಮಾರಲೆಂದು ಬೀದರಿಗೆ ಬಂದಿದ್ದನು. ಅರಸನ ಮೆರವಣಿಗೆಯ ಆನೆ, ಕುದುರೆ, ಚಿನ್ನದ ಆಡಂಬರವನ್ನು ಬೆರಗಿನಿಂದ ವರ್ಣಿಸಿದ ಆತನೇ, ಶ್ರೀಮಂತರು ಸುಖದಲ್ಲಿ ತೇಲುತ್ತಿರುವಾಗ ಹಳ್ಳಿಗರು ಕಡುಬಡತನದಲ್ಲಿದ್ದಾರೆಂದೂ ಬರೆದಿಟ್ಟನು. ಅರಮನೆಯನ್ನು ತೋರಿಸುವಾಗ ಈ ಸಾಕ್ಷ್ಯವನ್ನೂ ಮಕ್ಕಳಿಗೆ ಹೇಳುವುದು ನ್ಯಾಯ.

ಎರಡನೆಯ ದಿನ: ಗೋರಿಗಳು, ನೀರು, ಕೈಕಸುಬು

ಊರಿನ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಅಷ್ಟೂರು ಗ್ರಾಮವಿದೆ. ದಾರಿಯಲ್ಲಿ ದಿಬ್ಬದ ಮೇಲೆ ಹಝ್ರತ್ ಖಲೀಲುಲ್ಲಾಹ್‌ರ ಚೌಖಂಡಿ ಸಿಗುತ್ತದೆ. ಅವರು ಇರಾನಿನ ಕಿರ್ಮಾನಿನ ಸೂಫಿ ಶಾಹ್ ನಿಅ್‌ಮತುಲ್ಲಾಹ್‌ರ ಪುತ್ರರು. ಅಷ್ಟಕೋನಾಕಾರದ ಈ ಸಮಾಧಿಯ ಬಾಗಿಲಿನ ಸುತ್ತ ಕರಿಗಲ್ಲಿನಲ್ಲಿ ಕೊರೆದ ಅರಬಿ ಲಿಪಿ ಇಡೀ ದಖನಿನಲ್ಲೇ ಅತ್ಯುತ್ತಮವಾದುದರಲ್ಲಿ ಒಂದು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಇವುಗಳಲ್ಲಿ ಮುಖ್ಯವಾದದ್ದು 1436ರಲ್ಲಿ ನಿಧನನಾದ ಅಹ್ಮದ್ ಶಾಹನದು. ಒಳಗೋಡೆಗಳಲ್ಲಿ ಕೆಂಪು, ನೀಲಿ, ಬಂಗಾರದ ಬಣ್ಣಗಳ ಚಿತ್ತಾರ ಮತ್ತು ಬರಹ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ, ಬಣ್ಣಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಜನರು ಈ ಅರಸನನ್ನು ‘ವಲಿ’ ಎಂದು ಕರೆದರು. ಹಿಂದೂಗಳು ಅವನನ್ನು ಅಲ್ಲಮಪ್ರಭುವಿನ ರೂಪವೆಂದು ನಂಬುತ್ತಾ ಬಂದಿದ್ದಾರೆ. ಹೋಳಿ ಹುಣ್ಣಿಮೆಯ ನಂತರದ ದಿನಗಳಲ್ಲಿ ನಡೆಯುವ ಉರೂಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರೊಬ್ಬರು ಬರುವ ಸಂಪ್ರದಾಯ ಇಂದಿಗೂ ಉಳಿದಿದೆ. ಉರೂಸಿನ ಆಚರಣೆಗಳ ಕುರಿತು ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಒಬ್ಬ ಮುಸ್ಲಿಮ್ ಅರಸನನ್ನು ಬೇರೆ ಧರ್ಮದ ಹಳ್ಳಿಗರು ಆರುನೂರು ವರ್ಷಗಳ ಬಳಿಕವೂ ಪ್ರೀತಿಯಿಂದ ನೆನೆಯುತ್ತಾರೆಂದರೆ, ಅದು ಕತ್ತಿಯ ಬಲದಿಂದ ಸಿಗುವ ನೆನಪಲ್ಲ ಎಂಬುದನ್ನಷ್ಟೇ ಗಮನಿಸಬೇಕು.

ಅದೇ ಸಾಲಿನಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂತೆ ಅರ್ಧ ಕುಸಿದ ಗುಮ್ಮಟವೊಂದಿದೆ. ಅದು 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಾಹನ ಸಮಾಧಿ. ತನ್ನ ಕ್ರೌರ್ಯದಿಂದಾಗಿ ಚರಿತ್ರೆಯಲ್ಲಿ ‘ಝಾಲಿಮ್’ ಎಂಬ ಹೆಸರನ್ನೇ ಪಡೆದವನು. ಸಿಡಿಲು ಬಡಿದು ಗುಮ್ಮಟ ಸೀಳಿತೆಂದು ಜನ ಹೇಳುತ್ತಾರೆ. ನಾವು ಕೆಲವು ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋಗಿದ್ದಾಗ ಹದಿಮೂರರ ಹುಡುಗನೊಬ್ಬ ಕೇಳಿದ: “ಉಸ್ತಾದ್, ಇವರು ನಮ್ಮವರಾದರೆ ಇವರ ಅನ್ಯಾಯಕ್ಕೂ ನಾವೇ ಉತ್ತರ ಕೊಡಬೇಕೇ?” ಪ್ರತಿಯೊಬ್ಬನೂ ತನ್ನ ಕರ್ಮದ ಭಾರವನ್ನಷ್ಟೇ ಹೊರುತ್ತಾನೆ, ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರುವುದಿಲ್ಲ ಎಂಬುದು ನಮ್ಮ ವಿಶ್ವಾಸ, ಆದ್ದರಿಂದ ಅವರ ಪಾಪಕ್ಕೆ ನೀನು ಉತ್ತರದಾಯಿಯಲ್ಲ ಎಂದೆವು. ಆದರೆ ಅವರ ಪಾಪವನ್ನು ಪುಣ್ಯವೆಂದು ಸಮರ್ಥಿಸಲು ಹೊರಟರೆ ಆ ಸಮರ್ಥನೆಗೆ ಮಾತ್ರ ನೀನೇ ಉತ್ತರ ಕೊಡಬೇಕಾಗುತ್ತದೆ ಎಂದೂ ಸೇರಿಸಿದೆವು. ಹುಡುಗ ಸುಮ್ಮನಾದ. ಇಂಥ ಪ್ರಶ್ನೆಗಳು ಮನೆಯ ಹಜಾರದಲ್ಲಿ ಹುಟ್ಟುವುದಿಲ್ಲ.

ಹುಮಾಯೂನನ ಮರಣಾನಂತರ ಎಳೆಯ ಮಕ್ಕಳು ಪಟ್ಟಕ್ಕೆ ಬಂದಾಗ ರಾಜ್ಯವನ್ನು ಹಿಡಿದು ನಿಲ್ಲಿಸಿದವಳು ಅವರ ತಾಯಿ ನರ್ಗಿಸ್ ಬೇಗಮ್. ಗವಾನರೂ ಇದ್ದ ಆಡಳಿತ ಮಂಡಳಿಯ ಮುಂದಾಳತ್ವ ಆಕೆಯದಾಗಿತ್ತು. ಹೆಣ್ಣುಮಕ್ಕಳಿಗೆ ಈ ಹೆಸರನ್ನು ತಪ್ಪದೆ ಹೇಳಿ.

ಸಮಾಧಿಗಳ ಬಳಿ ಮಕ್ಕಳ ನಡತೆಯ ಬಗ್ಗೆ ಒಂದು ಮಾತು. ಗೋರಿಗಳ ಸಂದರ್ಶನ ಮರಣವನ್ನೂ ಪರಲೋಕವನ್ನೂ ನೆನಪಿಸುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಲ್ಲಿ ಓಡಾಟ, ಕಿರುಚಾಟ, ಗೋರಿಗೆ ಒರಗಿ ಚಿತ್ರ ತೆಗೆಸಿಕೊಳ್ಳುವುದು ಸಲ್ಲದು. ಗೋಡೆಗಳ ಮೇಲೆ ಮೊಳೆಯಿಂದ ಗೀಚಿದ ಹೆಸರುಗಳು, ಹೃದಯದ ಚಿತ್ರಗಳು ಬೀದರಿನ ಹಲವು ಸ್ಮಾರಕಗಳಲ್ಲಿ ಕಾಣುತ್ತವೆ. ಅವುಗಳಲ್ಲಿ ನಮ್ಮ ಸಮುದಾಯದ ಹೆಸರುಗಳೂ ಇವೆ. ಆರು ಶತಮಾನ ಉಳಿದು ಬಂದ ವಸ್ತು ಮುಂದಿನ ಪೀಳಿಗೆಗಾಗಿ ನಮ್ಮ ಕೈಯಲ್ಲಿರುವ ಅಮಾನತ್. ಅಮಾನತ್ತಿಗೆ ವಂಚಿಸುವುದು ಕಪಟವಿಶ್ವಾಸಿಯ ಲಕ್ಷಣವೆಂಬುದು ನಮಗೆ ತಿಳಿದೇ ಇದೆ.

ಮಧ್ಯಾಹ್ನ ಜೋಳದ ರೊಟ್ಟಿಯ ಊಟ ಮುಗಿಸಿ ನೌಬಾದಿಗೆ ಹೋಗಿ. ಅಲ್ಲಿ 15ನೇ ಶತಮಾನದ ಕರೇಝ್ ಇದೆ, ಸ್ಥಳೀಯರ ಮಾತಿನಲ್ಲಿ ಸುರಂಗ ಬಾವಿ. ಮುರಕಲ್ಲಿನ ಪದರದಲ್ಲಿ ಇಂಗಿದ ಮಳೆನೀರನ್ನು ನೆಲದಡಿಯ ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ ಬರಿ ಇಳಿಜಾರಿನ ಬಲದಿಂದ ದೂರಕ್ಕೆ ಹರಿಸುವ ಇರಾನಿನ ವಿದ್ಯೆ ಇದು. ಗಾಳಿ-ಬೆಳಕಿಗೂ ಹೂಳೆತ್ತಲಿಕ್ಕೂ ಅಲ್ಲಲ್ಲಿ ನೇರ ಬಾವಿಗಳನ್ನು ತೋಡಿದ್ದಾರೆ. ಕಾಸರಗೋಡು, ಪುತ್ತೂರು ಕಡೆಯವರಿಗೆ ಗುಡ್ಡ ಕೊರೆದು ನೀರು ತೆಗೆಯುವ ಸುರಂಗಗಳು ಚಿರಪರಿಚಿತ. ಅವರು ಇದನ್ನು ನೋಡಿದರೆ ದೂರದ ನಂಟನ ಮನೆಗೆ ಬಂದಂತಾಗುತ್ತದೆ. ದೀರ್ಘಕಾಲ ಹೂಳು-ಕಸ ತುಂಬಿ ಮರೆತುಹೋಗಿದ್ದ ಈ ವ್ಯವಸ್ಥೆ 2014ರಲ್ಲಿ ಅಪಾಯದಲ್ಲಿರುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು, ಬಳಿಕ ಹೂಳೆತ್ತುವ ಕೆಲಸವೂ ನಡೆಯಿತು. ನೀರು ಕೊಡುವುದು ಮರಣಾನಂತರವೂ ಪ್ರತಿಫಲ ನಿಲ್ಲದ ದಾನವೆಂದು ಕಲಿತ ನಮಗೆ, ಅರಮನೆಗಿಂತ ಈ ಸುರಂಗವೇ ದೊಡ್ಡ ಸ್ಮಾರಕವೆನಿಸಿದರೆ ಆಶ್ಚರ್ಯವಿಲ್ಲ.

ಸಂಜೆಗೆ ಬರೀದ್ ಶಾಹಿಗಳ ಗೋರಿಗಳಿರುವ ತೋಟಕ್ಕೆ ಹೋಗಬಹುದು. 1577ರಲ್ಲಿ ಅಲಿ ಬರೀದನು ತನಗಾಗಿ ತಾನೇ ಕಟ್ಟಿಸಿಕೊಂಡ ಸಮಾಧಿ ನಾಲ್ಕೂ ಕಡೆ ತೆರೆದಿದೆ. ಗಾಳಿ ಧಾರಾಳ, ಮಕ್ಕಳು ಹುಲ್ಲಿನ ಮೇಲೆ ಆಡಬಹುದು, ಹಿರಿಯರು ಕುಳಿತು ದಣಿವಾರಿಸಿಕೊಳ್ಳಬಹುದು.

ಊರೊಳಗೆ ಬಿದ್ರಿ ಕುಶಲಕರ್ಮಿಗಳ ಅಂಗಡಿಗಳಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಅಂಗಡಿಯ ಕಪಾಟನ್ನಷ್ಟೇ ನೋಡಿ ಹಿಂದಿರುಗದೆ, ಕೆಲಸ ನಡೆಯುವ ಜಾಗವನ್ನು ತೋರಿಸಲು ಕೇಳಿಕೊಳ್ಳಿ. ಚಿಕ್ಕ ವಸ್ತುವನ್ನಾದರೂ ಚೌಕಾಸಿ ಮಾಡದೆ ಕೊಳ್ಳಿ. ದಿನವಿಡೀ ಬಾಗಿ ದುಡಿಯುವ ಬೆನ್ನಿಗೆ ನಮ್ಮ ಹೊಗಳಿಕೆಗಿಂತ ಅದು ಉಪಕಾರಿ.

ಸಮಯವಿದ್ದರೆ ನಾನಕ್ ಝೀರಾ ಗುರುದ್ವಾರವನ್ನೂ ನೋಡಿ. ಗುರು ನಾನಕರು ಬಂದಾಗ ಇಲ್ಲಿ ನೀರಿನ ಊಟೆ ಹರಿಯಿತೆಂಬುದು ಸಿಖ್ಖರ ನಂಬಿಕೆ. ಬಂದವರೆಲ್ಲರಿಗೂ ಧರ್ಮ ಕೇಳದೆ ಅಲ್ಲಿ ಊಟ ಬಡಿಸುತ್ತಾರೆ. ಹಸಿದವನಿಗೆ ಅನ್ನ ನೀಡುವ ಗುಣವನ್ನು ಎಲ್ಲಿ ಕಂಡರೂ ಮಕ್ಕಳಿಗೆ ತೋರಿಸಬೇಕು.

ಮೂರನೆಯ ದಿನ: ಭಾಲ್ಕಿ, ಔರಾದ್ ಮತ್ತು ಒಂದು ಮರದ ನೆರಳು

ರಾಜಧಾನಿಯನ್ನು ನೋಡಿದವರು ಅದರ ಸುತ್ತಲಿನ ಹಳ್ಳಿ-ಪಟ್ಟಣಗಳನ್ನು ನೋಡದಿದ್ದರೆ ಇತಿಹಾಸದ ಅರ್ಧವನ್ನಷ್ಟೇ ಕಂಡಂತೆ. ಬೀದರಿನಿಂದ ಸುಮಾರು 40 ಕಿಲೋಮೀಟರ್ ದೂರದ ಭಾಲ್ಕಿಗೆ ಹೋಗಿ. ಕಾರಂಜಾ ಜಲಾಶಯವೂ ಈ ತಾಲೂಕಿನಲ್ಲೇ ಇದೆ. ಅಲ್ಲಿಂದ ಉತ್ತರಕ್ಕೆ, ಮಾಂಜ್ರಾ ನದಿಯ ಆಚೆ, ಹಿಂದೆ ಔರಾದ್ ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಕಮಲನಗರ. ಔರಾದ್ ಮಹಾರಾಷ್ಟ್ರ ಮತ್ತು ತೆಲಂಗಾಣ ಎರಡಕ್ಕೂ ತಗುಲಿದ ಗಡಿ, ದೇವಣಿ ತಳಿಯ ದನಗಳ ಸೀಮೆ, ಕನ್ನಡದಷ್ಟೇ ಮರಾಠಿಯೂ ಕೇಳಿಬರುವ ನೆಲ. ಇಲ್ಲಿ ದೊಡ್ಡ ಗುಮ್ಮಟಗಳಿಲ್ಲ. ನೋಡಬೇಕಾದುದು ಒಂದು ಶಾಲೆಯ ಕಥೆಯನ್ನು.

1948ರವರೆಗೆ ಈ ಪ್ರದೇಶ ಹೈದರಾಬಾದಿನ ನಿಝಾಮರ ಆಳ್ವಿಕೆಯಲ್ಲಿತ್ತು. ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬದಲಿಗೆ ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದ್ದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಭಾಲ್ಕಿಯ, ಔರಾದಿನ ರೈತನ ಮಗುವಿಗೆ ಆ ಭಾಷೆ ಮನೆಮಾತಾಗಿರಲಿಲ್ಲ. ಕನ್ನಡದ ಮಗುವಿಗೆ ಕನ್ನಡದಲ್ಲಿ ಓದುವ ದಾರಿಯೇ ಇಕ್ಕಟ್ಟಾಗಿತ್ತು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಒಂದು ಉಪಾಯ ಮಾಡಿದರು: ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. 1930ರ ದಶಕದಲ್ಲಿ ಅವರು ಕಟ್ಟಿದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಕಮಲನಗರ ಮತ್ತು ಭಾಲ್ಕಿಯ ಸಾವಿರಾರು ಮಕ್ಕಳಿಗೆ ಅಕ್ಷರ ಕೊಟ್ಟಿತು. ನೂರು ವರ್ಷಕ್ಕೂ ಮಿಗಿಲಾಗಿ ಬಾಳಿ 1999ರಲ್ಲಿ ಅವರು ನಿಧನರಾದರು.

ಕನ್ನಡ ಮಾತನಾಡುವ ಮುಸ್ಲಿಮರಾಗಿ ಈ ಕಥೆಯನ್ನು ನಾವು ಹೇಗೆ ಕೇಳಬೇಕು? ಉರ್ದು ನಮ್ಮ ಧಾರ್ಮಿಕ ಸಾಹಿತ್ಯದ ಸಿರಿವಂತ ಭಾಷೆ, ಅದರ ಮೇಲಿನ ಪ್ರೀತಿ ಸಹಜ. ಕನ್ನಡ ನಮ್ಮ ನೆಲದ ಭಾಷೆ, ಈ ಲೇಖನವನ್ನು ನಾವು ಓದುತ್ತಿರುವ ಭಾಷೆ. ಒಂದು ಮಗು ತನ್ನ ಅಕ್ಷರವನ್ನು ಫಲಕದ ಹಿಂದೆ ಅಡಗಿಸಿಕೊಂಡು ಕಲಿಯಬೇಕಾದ ಸ್ಥಿತಿ ಅನ್ಯಾಯವೇ, ಆಳುವವನ ಹೆಸರು ಯಾವುದೇ ಇರಲಿ. ಭಾಷೆಗಳ ಮತ್ತು ಬಣ್ಣಗಳ ಭಿನ್ನತೆಯನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಒಂದೆಂದು ಕುರ್‌ಆನಿನಲ್ಲಿ ಎಣಿಸಿದ್ದಾನೆ. ಇಂದು ನಮ್ಮ ಭಾಷೆಗೆ, ನಮ್ಮ ಉಡುಪಿಗೆ, ನಮ್ಮ ಶಾಲೆಗೆ ನ್ಯಾಯ ಕೇಳುವಾಗ, ಅಂದು ಇತರರಿಗೆ ನಿರಾಕರಿಸಲ್ಪಟ್ಟ ನ್ಯಾಯವನ್ನೂ ಒಪ್ಪಿಕೊಳ್ಳುವ ಎದೆಗಾರಿಕೆ ನಮಗಿದ್ದರೆ ನಮ್ಮ ಮಾತಿಗೆ ಬೆಲೆ ಬರುತ್ತದೆ. ಭಾಲ್ಕಿಯನ್ನು ಪ್ರವಾಸದ ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿ.

ಬೀದರಿಗೆ ಮರಳಿದ ಮೇಲೆ ಊರಿನ ಹೊರವಲಯದ ಗೋರನಳ್ಳಿಯ ಕಡೆ ಹೋಗಿ ಮಹಮೂದ್ ಗವಾನರ ಗೋರಿಯನ್ನು ಕೇಳಿಕೊಂಡು ನೋಡಿ. ಅಷ್ಟೂರಿನ ಗುಮ್ಮಟಗಳನ್ನು ನೋಡಿ ಬಂದ ಕಣ್ಣಿಗೆ ಇದು ಗೋರಿಯೇ ಎಂದೆನಿಸಬಹುದು: ಮರಗಳ ನೆರಳಿನಲ್ಲಿ ಒಂದು ಸರಳ ಕಟ್ಟೆ, ಮೇಲೆ ಗುಮ್ಮಟವಿಲ್ಲ.

ಅವರು ಸತ್ತ ರೀತಿಯನ್ನು ಮಕ್ಕಳಿಗೆ ಹೇಳಬೇಕು. ಬಹಮನಿ ಆಸ್ಥಾನದಲ್ಲಿ ಸ್ಥಳೀಯರಾದ ದಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು ಎಂಬ ಎರಡು ಬಣಗಳ ನಡುವೆ ಸದಾ ಕಾದಾಟ. ಗವಾನರು ಪ್ರಾಂತಗಳನ್ನು ನಾಲ್ಕರಿಂದ ಎಂಟಕ್ಕೆ ಏರಿಸಿ ಸರದಾರರ ಅಧಿಕಾರವನ್ನು ಮೊಟಕುಗೊಳಿಸಿದ್ದು ಹಲವರ ಕಣ್ಣು ಕೆಂಪಾಗಿಸಿತ್ತು. ಅವರ ಮುದ್ರಾಧಿಕಾರಿಯನ್ನು ವಶಮಾಡಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಅದರ ಮೇಲೆ ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಕೈಗಿತ್ತರು. ಸುಲ್ತಾನನು ವಿಚಾರಣೆ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು ಸೇನಾ ಬಿಡಾರದಲ್ಲಿ, ಎಪ್ಪತ್ತರ ಆ ವೃದ್ಧ ವಝೀರನ ತಲೆ ಕಡಿಸಿದನು. ಅನಂತರ ಅವರ ಸಂಪತ್ತನ್ನು ಮುಟ್ಟುಗೋಲು ಹಾಕಲು ಹೋದಾಗ ನಿರೀಕ್ಷಿಸಿದ ರಾಶಿ ಸಿಗಲಿಲ್ಲ. ಆದಾಯವೆಲ್ಲ ಸೈನಿಕರಿಗೆ, ಬಡವರಿಗೆ ಹೋಗುತ್ತಿತ್ತೆಂದೂ ಅವರು ಮಾತ್ರ ತಮ್ಮ ವ್ಯಾಪಾರದ ಗಳಿಕೆಯಲ್ಲಿ ಮಣ್ಣಿನ ಪಾತ್ರೆಯ ಅಡುಗೆ ಉಂಡು, ಚಾಪೆಯ ಮೇಲೆ ಮಲಗುತ್ತಿದ್ದರೆಂದೂ ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಸತ್ಯ ತಿಳಿದ ಸುಲ್ತಾನನು ಪಶ್ಚಾತ್ತಾಪದಲ್ಲಿ ಬೆಂದು ಒಂದು ವರ್ಷ ತುಂಬುವ ಮುನ್ನವೇ ತೀರಿಕೊಂಡನು. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಗವಾನರು ದೋಷರಹಿತರಾಗಿದ್ದರೆಂದಲ್ಲ. ಅವರು ಸೇನಾಪತಿಯೂ ಆಗಿದ್ದರು, ಗೋವೆಯನ್ನು ಯುದ್ಧದಲ್ಲೇ ಗೆದ್ದರು, ಆ ಕಾಲದ ಯುದ್ಧಗಳ ಕಾಠಿಣ್ಯ ಅವರಿಗೂ ಅಂಟಿದೆ. ಆದರೆ ಕೇಳಿದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಅರಿಯದೆ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪರಿತಪಿಸಬೇಡಿರೆಂದು ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ದಖನಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದೃಷ್ಟಾಂತ ನಮಗೆ ಕಾಣದು. ಒಂದು ನಕಲಿ ಪತ್ರ ಒಂದು ರಾಜ್ಯವನ್ನು ಕೆಡವಿತು. ಕೈಯಲ್ಲಿ ಮೊಬೈಲ್ ಹಿಡಿದು, ಬಂದ ಸಂದೇಶವನ್ನೆಲ್ಲ ಓದುವ ಮುನ್ನವೇ ಹತ್ತು ಗುಂಪುಗಳಿಗೆ ಕಳುಹಿಸುವ ನಮಗೆ ಮತ್ತು ನಮ್ಮ ಮಕ್ಕಳಿಗೆ ಆ ಗೋರಿಯ ಮುಂದೆ ಇದನ್ನು ಹೇಳದೆ ಇನ್ನೆಲ್ಲಿ ಹೇಳುವುದು?

ಆದ್ದರಿಂದ ಮುಂದಿನ ರಜೆಯಲ್ಲಿ ಸಾಧ್ಯವಾದವರು ಬೀದರಿಗೆ ಹೊರಡಿ. ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗಿ. ಕೋಟೆಯಲ್ಲಿ ನಡೆಯಲಾಗದವರಿಗೆ ಮದ್ರಸದ ಅಂಗಳವಿದೆ, ಬರೀದ್ ಶಾಹಿ ತೋಟವಿದೆ. ಜುಮಾ ದಿನ ಊರಿನಲ್ಲೇ ಇದ್ದರೆ ಪಟ್ಟಣದ ಜಾಮಿಯಾ ಮಸೀದಿಯಲ್ಲಿ ಅಲ್ಲಿನ ಜನರೊಂದಿಗೆ ಸಾಲಿನಲ್ಲಿ ನಿಲ್ಲಿ. ಹಿಂದಿರುಗಿದ ರಾತ್ರಿ ಮಕ್ಕಳ ನೋಟ್‌ಬುಕ್‌ಗಳನ್ನು ತೆರೆಸಿ, ಅವರು ಬರೆದುದನ್ನು ಅವರಿಂದಲೇ ಓದಿಸಿ ಕೇಳಿ. ನೋಡಿದುದರಿಂದ ಪಾಠ ಕಲಿಯುವ ಕಣ್ಣನ್ನೂ, ಸತ್ಯವನ್ನು ಸತ್ಯವೆಂದು ನುಡಿಯುವ ನಾಲಗೆಯನ್ನೂ ಅಲ್ಲಾಹನು ನಮಗೂ ನಮ್ಮ ಸಂತತಿಗೂ ಕರುಣಿಸಲಿ. ಆಮೀನ್.